ದವಡೆಗೆ ತಂತಿ, ಹಕ್ಕಿಗೆ ಬೈಗುಳ

ನಮ್ಮಪ್ಪನದು ಹಿಟ್ಟಿನ ಗಿರಣಿ. ನವಲಗುಂದದಿಂದ ತಿರ್ಲಾಪುರದ ಕಡೆ ಹೋಗುವ ಬಸ್ಸು ದಾರಿಯಲ್ಲಿ ಬೇಸರದಿಂದ ನಿಂತು ಹೋಗುವ ಊರುಗಳಲ್ಲಿ ನಮ್ಮದೂ ಒಂದು. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಊರಿಗೆ ಕರೆಂಟು ಬಂದಿತ್ತು, ಆದರೆ ಸಿಟ್ಟಾದ ಬೀಗರ ಹಾಗೆ ಮನಸ್ಸು ಬಂದಾಗ ಬಂದು, ಹೇಳದೆ ಕೇಳದೆ ಹೋಗುತ್ತಿತ್ತು. ಹಾಗಾಗಿ ಗಿರಣಿ ನಡೆಯುತ್ತಿದ್ದದ್ದು ಡೀಸೆಲ್ ಎಂಜಿನ್ನಿನ ಮೇಲೆ. ಅದು ಶುರುವಾಯಿತೆಂದರೆ ಬಾಜೂಕಿನ ಗುಡಿಯ ಗಂಟೆ ದೇವರಿಗೂ ಕೇಳಿಸುತ್ತಿರಲಿಲ್ಲ. ಅಪ್ಪ ಆ ಸದ್ದಿನ ಎದುರು ಎಂದೋ ಸೋಲೊಪ್ಪಿ ಮೌನಿಯಾಗಿದ್ದ. ನಾನು ಒಪ್ಪಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಗಿರಣಿಗೆ ಬಂದು ನಿಂತೆ. ಯಾರ ಬುಟ್ಟಿ ಮೊದಲು, ಯಾರದು ಆಮೇಲೆ, ಯಾರ ಜೋಳದಲ್ಲಿ ಹರಳು ಎಂದು ಕೂಗಿ ಹೇಳುವುದು ನನ್ನ ಕೆಲಸವಾಯಿತು. ಎಂಜಿನ್ನಿಗಿಂತ ಒಂದು ಹಿಡಿ ಮೇಲೆ ಕೂಗಬೇಕಿತ್ತು. ಕೂಗುತ್ತಿದ್ದೆ. ಮನೆಗೆ ಬಂದ ಮೇಲೂ ಅದೇ ಎತ್ತರದಲ್ಲಿ ಉಪ್ಪು ಕೇಳುತ್ತಿದ್ದೆ.

"ಇಷ್ಟು ಜೋರು ಬಾಯಿ ಇದ್ದಾಕಿನ್ನ ಯಾರು ಮಾಡಿಕೊಂಡಾರು" ಎಂದು ಅವ್ವ ಚಿಂತೆ ಮಾಡುತ್ತಿದ್ದಳು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ತನ್ನ ಹೊಲ ತಾನೇ ಮಾಡಿಸಿಕೊಂಡಿದ್ದ ಹೆಂಗಸು. ಅವಳು ಹೇಳುತ್ತಿದ್ದಳು: "ಕಿವುಡನ್ನ ಹುಡುಕೂಣು ಬಿಡು."

ಊರ ಗೌಡರ ಹೆಂಡತಿಗೆ ಒಬ್ಬ ತಮ್ಮನಿದ್ದ. ಅಕ್ಕನ ಮನೆಯಲ್ಲಿ ಉಂಡುಕೊಂಡು, ಗೌಡರ ಬುಲೆಟ್ ಗಾಡಿ ಒರೆಸಿಕೊಂಡು, ತಾನೇ ಅರ್ಧ ಗೌಡ ಎಂದು ತಿಳಿದುಕೊಂಡಿದ್ದ. ದೀಪಾವಳಿ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವನು ಒಣಮೆಣಸಿನಕಾಯಿಯ ಚೀಲ ಹೊತ್ತು ಗಿರಣಿಗೆ ಬಂದ. ಪಾಳಿಯಲ್ಲಿ ಮೊದಲಿದ್ದ ಅಜ್ಜಿಯೊಬ್ಬಳ ಜೋಳದ ಬುಟ್ಟಿಯನ್ನು ಕಾಲಿನಿಂದ ಸರಿಸಿ ತನ್ನ ಚೀಲ ಇಟ್ಟ. ನಮ್ಮಲ್ಲಿದ್ದದ್ದು ಒಂದೇ ಕಲ್ಲು, ಜೋಳ ಗೋಧಿ ಬೀಸುವುದು. ಖಾರ ಕುಟ್ಟಿಸಲು ಎಲ್ಲರೂ ನವಲಗುಂದಕ್ಕೆ ಹೋಗುತ್ತಿದ್ದರು.

"ಇದು ರೊಟ್ಟಿ ಹಿಟ್ಟಿನ ಕಲ್ಲು" ಅಂದೆ. "ಇದರಾಗ ಖಾರ ಬೀಸಿದ್ರ ನಾಳೆ ಊರ ಮಂದಿ ಎಲ್ಲಾ ತಂಬಿಗಿ ಹಿಡಕೊಂಡು ಕೆರಿ ಕಡೆ ಓಡಬೇಕಾಗತೈತಿ."

"ಗೌಡ್ರ ಮನೀದು. ಸುಮ್ನ ಹಾಕು" ಅಂದ.

"ಗೌಡ್ರ ಮನೀದಾದ್ರೂ ಖಾರ ಖಾರನ. ಅಜ್ಜಿ ಬುಟ್ಟಿ ಎಲ್ಲಿತ್ತೋ ಅಲ್ಲೆ ಇಡು."

ಅಷ್ಟರಲ್ಲಿ ಎಂಜಿನ್ನಿನ ಡೀಸೆಲ್ ಮುಗಿಯಿತು. ಅದು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ನನ್ನ ಮುಂದಿನ ಮಾತು ಮಾತ್ರ ಎಂಜಿನ್ನಿನ ಎತ್ತರಕ್ಕೇ ಏರಿ ಹೊರಟಾಗಿತ್ತು: "ನಿಮ್ಮಕ್ಕ ಗೌಡ್ತಿ ಆದ್ರ ನೀ ಗೌಡ ಆಗೂದಿಲ್ಲ."

ಗುಡಿಕಟ್ಟೆಯ ಮೇಲೆ ಕೂತವರಿಗೂ ಕೇಳಿಸಿತು. ಮೊದಲು ಆ ಅಜ್ಜಿ ನಕ್ಕಳು, ಅವಳಿಗೆ ಹಲ್ಲಿಲ್ಲದ್ದರಿಂದ ನಗು ತಡೆಯುವುದಾಗಲಿಲ್ಲ. ಆಮೇಲೆ ಪಾಳಿಯೆಲ್ಲ ನಕ್ಕಿತು. ಕಟ್ಟೆ ನಕ್ಕಿತು. ಅವನು ಚೀಲ ಎತ್ತಿಕೊಂಡು ಹೋದ. ಹೋಗುವಾಗ ಏನೂ ಅನ್ನಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಸುಮ್ಮನೆ ಹೋದವನ ಬಗ್ಗೆ ಅಂಜಬೇಕು ಎಂಬುದು ನನಗಾಗ ಗೊತ್ತಿರಲಿಲ್ಲ.

ಅದೇ ವಾರ, ಮಧ್ಯಾಹ್ನ, ಅತ್ತೆಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೊರಟಿದ್ದೆ. ಬಂಡಿದಾರಿಯ ಒಂದು ಕಡೆ ಎದೆಯೆತ್ತರ ಬೆಳೆದ ಜೋಳ, ಇನ್ನೊಂದು ಕಡೆ ಹತ್ತಿ. ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಯಾರೋ ಅವಸರದಲ್ಲಿದ್ದಾರೆ, ದಾರಿ ಬಿಡೋಣ ಎಂದು ಬದಿಗೆ ಸರಿದು ತಿರುಗಿದೆ. ಗೌಡ್ತಿಯ ತಮ್ಮ. ಅವನ ಕೈಯಲ್ಲಿ ಗುದ್ದಲಿಯ ಕಟ್ಟಿಗೆಯ ಕಾವು ಇತ್ತು, ಗುದ್ದಲಿ ಇರಲಿಲ್ಲ. ಗುದ್ದಲಿ ಎಲ್ಲಿ ಎಂದು ನಾನು ಯೋಚಿಸಿದೆ. ಹೌದು, ಅದನ್ನೇ ಯೋಚಿಸಿದೆ. ಮೊದಲ ಏಟು ದವಡೆಗೆ ಬಿತ್ತು. ಎರಡನೆಯದಕ್ಕೆ ಬಲಗೈ ಅಡ್ಡ ತಂದೆ, ಅದು ಮುರಿಯಿತು. ಒಣಗಿದ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು, ನೋವು ಆಮೇಲೆ ಬಂತು. ಕೆಳಗೆ ಬಿದ್ದೆ. ಅವನು ಬಗ್ಗಿ ನನ್ನ ಮುಖದ ಹತ್ತಿರ ಬಂದು "ಈಗ ಮಾತಾಡು" ಅಂದ.

ಮತ್ತೆಷ್ಟು ಹೊಡೆದನೋ ನನಗೆ ನೆನಪಿಲ್ಲ. ಹತ್ತಿಯ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುಸಲ್ಮಾನರ ಹೆಂಗಸು, ಊರೆಲ್ಲ ಚಾಚಿ ಎಂದು ಕರೆಯುತ್ತಿದ್ದವಳು, ಮೊದಲು ಓಡಿ ಬಂದಳು. ಅವಳ ಕೂಗಿಗೆ ಅವನು ಕಾವು ಒಗೆದು ಜೋಳದೊಳಗೆ ನುಗ್ಗಿ ಮಾಯವಾದ. ಚಾಚಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಹರಿದು, ಜೋತಾಡುತ್ತಿದ್ದ ದವಡೆಯನ್ನು ನೆತ್ತಿಗೆ ಕೂಡಿಸಿ ಕಟ್ಟಿದಳು. "ಮಾತಾಡಬ್ಯಾಡ ಬೇಟಿ, ನಾ ಎಲ್ಲಾ ನೋಡೀನಿ" ಅಂದಳು. ಹತ್ತಿ ತುಂಬಿದ್ದ ಟ್ರ್ಯಾಕ್ಟರಿನ ಮೇಲೆಯೇ ನನ್ನನ್ನು ಮಲಗಿಸಿ ನವಲಗುಂದಕ್ಕೆ ಒಯ್ದರು. ಅಷ್ಟು ಮೆತ್ತಗಿನ ಹಾಸಿಗೆಯಲ್ಲಿ ನಾನು ಅದಕ್ಕೆ ಮೊದಲು ಮಲಗಿರಲಿಲ್ಲ. "ರಕ್ತ ಹತ್ತಿದ ಹತ್ತೀನ ಯಾರೂ ತಗೊಳ್ಳೂದಿಲ್ಲ" ಎಂದು ಟ್ರ್ಯಾಕ್ಟರಿನವನು ಮೆಲ್ಲಗೆ ಅಂದದ್ದೂ, ಚಾಚಿ ಅವನ ಹೆತ್ತವರನ್ನು ನೆನೆದದ್ದೂ ಚೆನ್ನಾಗಿ ನೆನಪಿದೆ.

ಅಲ್ಲಿಂದ ಜೀಪಿನಲ್ಲಿ ಹುಬ್ಬಳ್ಳಿಯ ದವಾಖಾನೆಗೆ. ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿದರು. ದವಡೆ ಕೂಡಲಿ ಎಂದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹೆಣೆದು ಬಾಯಿಯನ್ನು ಬೀಗ ಹಾಕಿದ ಹಾಗೆ ಮುಚ್ಚಿಬಿಟ್ಟರು. ಒಂದು ಹಲ್ಲು ಬಂಡಿದಾರಿಯಲ್ಲೇ ಉಳಿದಿತ್ತು. ಆ ಸಂದಿಯಲ್ಲಿ ನಳಿಗೆ ತೂರಿಸಿ ಹಾಲು, ಬೇಳೆಕಟ್ಟು, ಅಂಬಲಿ ಕುಡಿಯಬೇಕು. ಅವನು ಉದುರಿಸಿದ ಹಲ್ಲೇ ನನ್ನ ಅನ್ನದ ಬಾಗಿಲಾಯಿತು. ಬಿಡುಗಡೆಯ ದಿನ ಡಾಕ್ಟರು ಅಪ್ಪನಿಗೆ ಹೇಳಿದರು, "ಈಕೆಗೆ ವಾಂತಿ ಬಂದರೆ ಉಸಿರು ಕಟ್ಟುತ್ತದೆ, ಕೂಡಲೆ ತಂತಿ ಕತ್ತರಿಸಬೇಕು."

ಅಪ್ಪ ಅದನ್ನು ವೇದವಾಕ್ಯದಂತೆ ಹಿಡಿದ. ಎಂಜಿನ್ನು ರಿಪೇರಿಗೆ ಇಟ್ಟಿದ್ದ, ತಂತಿ ಕತ್ತರಿಸುವ ಪಕ್ಕಡವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ನಾನು ಎಲ್ಲಿ ಕೂತರೆ ಅಲ್ಲಿ ಕೂತ. ನಾನು ಕೆಮ್ಮಿದರೆ ಪಕ್ಕಡ ಹೊರಗೆ ಬರುತ್ತಿತ್ತು. ಬಿಕ್ಕಿದರೆ ಬರುತ್ತಿತ್ತು. ಒಂದು ದಿನ ಆಕಳಿಸಲು ಹೋಗಿ ಆಗದೆ ಮುಖ ಕಿವುಚಿದ್ದಕ್ಕೂ ಬಂತು. ನಾನು ಎಡಗೈ ಅಲ್ಲಾಡಿಸಿ ಬೇಡ ಬೇಡ ಎಂದು ತಡೆಯಬೇಕಾಯಿತು. ಜೀವನದಲ್ಲಿ ಹತ್ತು ಮಾತು ಕೂಡಿಸಿ ಆಡದ ಅಪ್ಪ ಆ ದಿನಗಳಲ್ಲಿ ನನಗೆ ಹೇಳಿದ್ದು ಒಂದೇ: "ವಾಂತಿ ಬಂದ್ರ ಮೊದಲ ಸನ್ನಿ ಮಾಡು."

ನೋಡಲು ಬರುವವರ ಸಾಲು ಶುರುವಾಯಿತು. ಗಿರಣಿಯಲ್ಲಿ ಪಾಳಿ ಹಚ್ಚುವುದು ಗೊತ್ತಿಲ್ಲದವರೂ ಇಲ್ಲಿ ಪಾಳಿ ಹಚ್ಚಿ ಬಂದರು. ಬಂದವರು ಚಹಾ ಕುಡಿಯುತ್ತಿದ್ದರು, ಚೂಡಾ ತಿನ್ನುತ್ತಿದ್ದರು, ನನ್ನ ಎದುರಿಗೇ ಕರುಂ ಕುರುಂ ಎಂದು ಅಗಿಯುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಕೊಲೆಯ ವಿಚಾರ ಬರುತ್ತಿತ್ತು. ಎಲ್ಲರ ಕಣ್ಣಲ್ಲೂ ಒಂದು ಪ್ರಶ್ನೆ. ಅವ್ವನನ್ನು ಬಾಗಿಲ ಸಂದಿಗೆ ಕರೆದು ಪಿಸುಗುಟ್ಟುತ್ತಿದ್ದರು, "ಬರೇ ಹೊಡದನೇನು?" ದವಡೆ, ಕೈ, ಹಲ್ಲು, ಇವಿಷ್ಟು ಅವರಿಗೆ ಸಾಲಲಿಲ್ಲ. ಅವ್ವ ಹೌದೆಂದು ಆಣೆ ಮಾಡಿದರೂ ನಂಬದೆ ನನ್ನ ಕಡೆ ನೋಡುತ್ತಿದ್ದರು. ನಾನು ಮಾತಾಡುತ್ತಿರಲಿಲ್ಲ. ತಂತಿ ಇದೆ, ಹೇಗೆ ಮಾತಾಡಲಿ. "ನೋಡು, ಸುಮ್ನ ಅದಾಳ" ಎಂದು ಅವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಇದರ ನಡುವೆ ಯರಗುಪ್ಪಿ ಕಡೆಯ ದೂರದ ಸಂಬಂಧಿಯೊಬ್ಬಳು ಬಂದಳು. ಅವಳಿಗೆ ತುಸು ಕಿವಿ ಮಂದ, ನನಗೆ ಏನಾಗಿದೆ ಎಂಬುದು ಪೂರ್ತಿ ತಿಳಿಯಲಿಲ್ಲ, ಎಲ್ಲೋ ಬಿದ್ದಿದ್ದಾಳೆ ಅಂದುಕೊಂಡಳು. ಅಷ್ಟು ಹೊತ್ತು ಕೂತರೂ ನಾನು ಒಂದು ಮಾತಾಡಲಿಲ್ಲ, ತಲೆ ತಗ್ಗಿಸಿ ಅಂಬಲಿ ಹೀರುತ್ತಿದ್ದೆ. ಹೋಗುವಾಗ ಅವ್ವನ ಕೈ ಹಿಡಿದು, "ಬಾಳ ಸೌಮ್ಯ ಹುಡಿಗಿ ಬೇ ನಿಂದು. ನಮ್ಮ ಮೈದುನನ ಮಗಗ ಇಂಥಾಕಿನ್ನೇ ಹುಡುಕಾಕ ಹತ್ತಿದ್ವಿ" ಅಂದಳು. ಅತ್ತೆ ಅಲ್ಲೇ ಇದ್ದಳು. ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ನನಗೂ ನಗು ಬಂತು. ತಂತಿ ಹಾಕಿದ ಬಾಯಲ್ಲಿ ನಗುವುದು ಎಷ್ಟು ನೋವು ಎಂದರೆ ಕಣ್ಣಲ್ಲಿ ನೀರು ಇಳಿಯಿತು. "ಪಾಪ, ನಾಚಿಕಿ" ಅಂದಳು ಆ ಹೆಂಗಸು. ಪೆಟ್ಟಾದ ಮೇಲೆ ನಾನು ಮೊದಲ ಸಲ ನಕ್ಕದ್ದು ಆವತ್ತೇ.

ಪೊಲೀಸರು ಅವನನ್ನು ಹುಬ್ಬಳ್ಳಿಯಲ್ಲಿ ಹಿಡಿದರು. ಜಾಮೀನಿನ ಮೇಲೆ ಬಿಡಿಸಿ, ದೂರದ ಯಾವುದೋ ಊರಿನಲ್ಲಿ ಇಟ್ಟು, ಗೌಡರು ನಮ್ಮ ಮನೆಗೆ ಬಂದರು. ಜೊತೆಗೆ ಇಬ್ಬರು ಹಿರಿಯರು. ಒಂದು ತಾಟಿನಲ್ಲಿ ಇಳಕಲ್ ಸೀರೆ, ತೆಂಗಿನಕಾಯಿ, ಎಲೆ ಅಡಿಕೆ.

"ಹುಡುಗು ಬುದ್ಧಿ, ಸಿಟ್ಟಿನಾಗ ಕೈ ಹತ್ತೇತಿ" ಅಂದರು ಗೌಡರು. "ಕೋರ್ಟು ಕಚೇರಿ ಅಂದ್ರ ಹೆಣ್ಮಗಳ ಹೆಸರ ಕೆಡತೈತಿ. ಕೇಸ್ ಹಿಂದಕ್ಕ ತಗೊಂಡು ಇದನ್ನ ಉಡಿ ತುಂಬಿಸಿಕೊಳ್ರಿ."

ಅಪ್ಪ ಕಿಸೆಯ ಪಕ್ಕಡ ಮುಟ್ಟಿ ನೋಡಿಕೊಂಡ. ಆಮೇಲೆ, "ಏಟು ತಿಂದಾಕಿ ಆಕಿ. ಆಕಿನ್ನ ಕೇಳ್ರಿ" ಅಂದ.

ನಾನು ತಲೆ ಅಲ್ಲಾಡಿಸಿದೆ. ನಮ್ಮ ಕಡೆ ತಲೆ ಅಲ್ಲಾಡಿಸುವುದರ ತೊಂದರೆ ಎಂದರೆ ಅದು ಹೌದೂ ಆಗುತ್ತದೆ, ಅಲ್ಲವೂ ಆಗುತ್ತದೆ. "ಹೂಂ ಅಂದಳು" ಅಂದರು ಒಬ್ಬ ಹಿರಿಯರು. ನನ್ನ ಬಲಗೈಯಲ್ಲಿ ಪ್ಲಾಸ್ಟರ್ ಇತ್ತು, ಎಡಗೈಯಲ್ಲಿ ಅಂಬಲಿಯ ಲೋಟ. ಉಳಿದದ್ದು ಕಾಲು. ಕಾಲಿನಿಂದಲೇ ತಾಟನ್ನು ಗೌಡರ ಕಡೆ ದೂಡಿದೆ. ಕಾಯಿ ಉರುಳಿ ಹೊಸ್ತಿಲಿಗೆ ಹೋಗಿ ನಿಂತಿತು. ಅವ್ವ ಹಣೆ ಬಡಿದುಕೊಂಡಳು. ಗೌಡರು ಎದ್ದರು, ಕಾಯಿಯನ್ನು ದಾಟಿಕೊಂಡೇ ಹೋದರು. ಆ ಹಂಗಾಮಿನಲ್ಲಿ ಗೌಡರ ಹೊಲಕ್ಕೆ ಚಾಚಿಯನ್ನು ಕೂಲಿಗೆ ಕರೆಯುವುದು ನಿಂತಿತು. ಅವಳು ನೋಡಿದ್ದನ್ನು ಪೊಲೀಸರಿಗೆ ಹೇಳಿದ್ದಳು.

ಚಳಿಗಾಲದ ನಡುವೆ ತಂತಿ ಬಿಚ್ಚಿದರು. ದವಡೆ ಕೂಡಿದೆ, ಇನ್ನು ಮಾತಾಡಬಹುದು ಎಂದರು ಡಾಕ್ಟರು. ಬಾಯಿ ಒಂದು ಬೆರಳಿನಷ್ಟು ತೆರೆಯುತ್ತಿತ್ತು, ಆದರೆ ದನಿ ಬರಲಿಲ್ಲ. ಗಾಳಿ ಬರುತ್ತಿತ್ತು, ಊದುಕೊಳವೆಯಲ್ಲಿ ಬಂದ ಹಾಗೆ. ಹಿಂದಿನಿಂದ ಅವ್ವ ಬಂದರೂ ಮೈ ಬೆವರುತ್ತಿತ್ತು. ಗೋಡೆಗೆ ಬೆನ್ನು ಕೊಡದೆ ಕೂಡುತ್ತಿರಲಿಲ್ಲ. ಬಯಲಕಡೆಗೆ ಹೋಗುವಾಗ ಅವ್ವ ನನ್ನ ಹಿಂದೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಅದನ್ನು ನೋಡಿದವರಿಗೆ ನಗು ಬಂದಿರಬೇಕು, ನನಗೆ ಬರುತ್ತಿರಲಿಲ್ಲ. ಒಮ್ಮೆ ಗಿರಣಿಗೆ ಹೋದೆ. ಕಲ್ಲು ತಿರುಗಿಸುವ ಎಂಜಿನ್ನಿನ ಪಟ್ಟಾ ಪಟ್ ಪಟ್ ಎಂದು ಬಡಿಯತೊಡಗಿದ್ದೇ, ಹಿಟ್ಟಿನ ಬುಟ್ಟಿ ಕೆಡವಿ ಮನೆಗೆ ಓಡಿಬಂದು ಜೋಳದ ಚೀಲಗಳ ಸಂದಿಯಲ್ಲಿ ಕೂತೆ. ಸಂಜೆಯವರೆಗೆ ಹೊರಗೆ ಬರಲಿಲ್ಲ. ಅಲ್ಲಿ ಕೂತಾಗ ನನಗೆ ಅನಿಸಿತು: ಅವನು ಹೇಳಿದ ಹಾಗೇ ಆಯಿತು, ನಾನು ಇನ್ನು ಮಾತಾಡುವುದಿಲ್ಲ. ದವಡೆ ಮುರಿದದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಯಾರೋ ಗಾಳಿ ಸೋಕಿದೆ ಅಂದರು. ಅವ್ವ ಒಬ್ಬ ಮಂತ್ರದವನನ್ನು ಕರೆಸಿದಳು. ಅವನು ನಿಂಬೆಹಣ್ಣು ಕೊಯ್ದ, ಬೂದಿ ಎರಚಿದ, "ನಾಲಗಿ ಮ್ಯಾಲೆ ಕುಂತೈತಿ, ಹೊಡದ ಬಿಡಸಬೇಕು" ಎಂದು ಬೇವಿನ ಬರಲು ಎತ್ತಿದ. ನಾನು ತೋಳಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಅಡುಗೆಮನೆಯಿಂದ ಬಂದು ಬರಲನ್ನು ಕಸಿದುಕೊಂಡಳು.

"ಹೊಡಿಸಿಕೊಂಡು ಬಂದಾಕಿಗೆ ಮತ್ತ ಹೊಡತನ ಔಷಧ ಏನಲೇ? ನಡಿ ಎದ್ದು."

ಅವನು ಹೋದ. ನಿಂಬೆಹಣ್ಣನ್ನು ಅತ್ತೆ ಸಾರಿಗೆ ಹಿಂಡಿದಳು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿ, "ಹಕ್ಕಿ ಕಾಯಾಕ ಮಂದಿ ಇಲ್ಲ. ಜೋಳ ಹಾಲುಗಾಳ ಆಗ್ಯಾವು. ನೀ ಬಾ" ಅಂದಳು. ಇದು ನನ್ನ ಮೇಲಿನ ಮರುಕ ಎಂದು ಬಹಳ ವರ್ಷ ನಾನು ನಂಬಿದ್ದೆ. ಆಮೇಲೊಮ್ಮೆ ಕೇಳಿದಾಗ, "ಮರುಕ ಎಲ್ಲಿದು ಬೇ, ಖರೇನ ಮಂದಿ ಇದ್ದಿದ್ದಿಲ್ಲ" ಅಂದಳು.

ಬಂಡಿದಾರಿಯಲ್ಲಿ ಅವಳು ಹಿಂದೆ, ನಾನು ಮುಂದೆ. ಆ ಜಾಗ ಬಂದಾಗ ನನ್ನ ಕಾಲುಗಳು ನಿಂತವು. ಅವಳು ಸಮಾಧಾನ ಹೇಳಲಿಲ್ಲ. ಮುಂದೆ ಬಂದು ನನ್ನ ಸೆರಗಿನ ತುದಿ ಹಿಡಿದು, ಹಟ ಮಾಡುವ ಕರುವನ್ನು ಎಳೆಯುವ ಹಾಗೆ ಎಳೆದುಕೊಂಡು ಹೋದಳು. ಹೊಲದ ನಡುವೆ ನಾಲ್ಕು ಕಂಬ ಹುಗಿದು, ಮೇಲೆ ಹಲಗೆ ಹಾಸಿ ಕಟ್ಟಿದ ಅಟ್ಟ. ಏಣಿ ಹತ್ತಿ ಮೇಲೆ ಕೂತೆ. ಕೆಳಗೆ ನಿಂತರೆ ಆಳೆತ್ತರದ ಜೋಳ, ಒಂದು ಮಾರು ಆಚೆ ಯಾರಿದ್ದರೂ ಕಾಣುವುದಿಲ್ಲ. ಮೇಲೆ ಕೂತರೆ ಕಪ್ಪು ಮಣ್ಣಿನ ಎರಿಹೊಲ ಮುಗಿಲಿಗೆ ಮುಟ್ಟುವವರೆಗೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಗುಡ್ಡ ಇಲ್ಲ, ಗಿಡ ಕಡಿಮೆ, ಕಳ್ಳನಿಗೂ ಪ್ರೇಮಿಗೂ ಅನುಕೂಲವಿಲ್ಲದ ಸೀಮೆ. ನಾಲ್ಕೂ ದಿಕ್ಕಿನಿಂದ ಯಾರು ಬಂದರೂ ತೆನೆ ಅಲ್ಲಾಡುವುದು ಮೊದಲೇ ಕಾಣುತ್ತದೆ. ಪೆಟ್ಟು ಬಿದ್ದ ಮೇಲೆ ಗೋಡೆಗೆ ಬೆನ್ನು ಕೊಡದೆ ನಾನು ಮೊದಲ ಸಲ ಕೂತದ್ದು ಅಲ್ಲೇ.

ಗುಬ್ಬಿಗಳು ಬಂದವು. ಒಂದಲ್ಲ ಎರಡಲ್ಲ, ಕಂಬಳಿ ಬೀಸಿದ ಹಾಗೆ ಬಂದು ತೆನೆಗಳ ಮೇಲೆ ಬಿದ್ದವು. ನಾನು ನೋಡುತ್ತ ಕೂತೆ.

"ಒದರು" ಎಂದು ಕೆಳಗಿನಿಂದ ಅತ್ತೆ ಅಂದಳು.

ಬಾಯಿ ತೆಗೆದೆ. ಗಾಳಿ ಬಂತು.

"ಗುಬ್ಬಿಗೆ ಗಾಳಿ ಹೊಡೀತಿ ಏನು? ಸೆಕಿ ಐತೇನು ಅವಕ್ಕ?"

ಸಿಟ್ಟು ಬಂತು. ಮತ್ತೆ ಬಾಯಿ ತೆಗೆದಾಗ "ಹೋ" ಎಂಬ ಒಂದು ಸದ್ದು ಹೊರಬಂತು. ಆಗಷ್ಟೇ ಹುಟ್ಟಿದ ಎಮ್ಮೆಕರುವಿನ ದನಿ. ಗುಬ್ಬಿಗಳು ತಲೆಯೆತ್ತಿಯೂ ನೋಡಲಿಲ್ಲ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲದಲ್ಲಿ ಯಾರೂ ಇರಲಿಲ್ಲ, ಯಾರೂ ಮರುಕಪಡಲಿಲ್ಲ, ನಾನು ಮತ್ತೆ "ಹೋ" ಅಂದೆ.

ಆ ಹಂಗಾಮು ಪೂರ್ತಿ ಹಕ್ಕಿ ಕಾಯ್ದೆ. ಕವಣೆಯಲ್ಲಿ ಮಣ್ಣಿನ ಹೆಂಟೆ ಇಟ್ಟು ಬೀಸುವುದನ್ನು ಅತ್ತೆ ಕಲಿಸಿದಳು. ಮುರಿದು ಕೂಡಿದ ಬಲಗೈ ಮೊದಮೊದಲು ಎಲ್ಲೆಲ್ಲೋ ಬೀಸಿತು, ಒಮ್ಮೆ ಹೆಂಟೆ ನೆಟ್ಟಗೆ ಮೇಲೆ ಹೋಗಿ ನನ್ನ ನೆತ್ತಿಗೇ ಬಿತ್ತು. ಬೈಗುಳಗಳನ್ನೂ ಕಲಿಸಿದಳು. ಅವಳಲ್ಲಿದ್ದ ಬೈಗುಳಗಳು ಮೂರು ತಲೆಮಾರಿನ ಆಸ್ತಿ, ಇಲ್ಲಿ ಬರೆಯಲು ಬರುವಂಥವಲ್ಲ. ನಾನು ಹಕ್ಕಿಗಳಿಗೆ ಸಂಬಂಧ ಹಚ್ಚಿದೆ. ಬರೀ ತಿಂದು ಹೋಗುವ ಗುಬ್ಬಿಗಳು ನನ್ನನ್ನು ನೋಡಲು ಬಂದ ಬಳಗ. ತಿನ್ನುವುದಕ್ಕಿಂತ ಕಡಿದು ಕೆಡವುವುದೇ ಹೆಚ್ಚಾದ ಗಿಳಿಗಳು ಗೌಡರ ಮನೆಯವರು. "ಬರೇ ಹೊಡದನೇನು?" ಎಂದು ಕೇಳಿದವರಿಗೆಲ್ಲ ಕೊಡಬೇಕಾಗಿದ್ದ ಉತ್ತರವನ್ನು ಅಟ್ಟದ ಮೇಲೆ ನಿಂತು ಕೊಟ್ಟೆ. ಒಮ್ಮೊಮ್ಮೆ ಬೈಯುತ್ತ ಅಳುತ್ತಿದ್ದೆ. ಹಕ್ಕಿಗಳಿಗೆ ಎರಡೂ ಒಂದೇ.

ಹಾಲುಗಾಳು ತುಸು ಗಟ್ಟಿಯಾದಾಗ ಅತ್ತೆ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಸೀತನಿ ಕೊಟ್ಟಳು. ಶೇಂಗಾ ಚಟ್ನಿ, ಬೆಲ್ಲ, ಮೊಸರು. ತಂತಿ ಬಿಚ್ಚಿದ ಮೇಲೂ ನಾನು ಹೆದರಿ ಗಂಜಿಯಲ್ಲೇ ಇದ್ದೆ. ಒಂದೊಂದೇ ಕಾಳು ಅಗಿದೆ. ದವಡೆ ಕಟ್ ಎಂದಿತು. ಉಸಿರು ಹಿಡಿದು ಕೂತೆ. ಮುರಿಯಲಿಲ್ಲ. ಆವತ್ತು ಎಷ್ಟು ತಿಂದೆನೆಂದರೆ ಸಂಜೆಗೆ ಹೊಟ್ಟೆ ಕೆಟ್ಟಿತು. ಮನೆಯಲ್ಲಿ ಅಪ್ಪ ಹಳೆಯ ರೂಢಿಯಿಂದ ಪಕ್ಕಡ ಹುಡುಕಿದ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಹೊಲ ಬೋಳಾಯಿತು, ಅಟ್ಟ ಬಿಚ್ಚಿದರು, ನಾನು ಮತ್ತೆ ಮನೆಯ ಮೂಲೆ ಸೇರಿದೆ. ಗಿರಣಿಗೆ ಹೋಗುವುದು, ಓಡಿ ಬರುವುದು, ಮತ್ತೆ ಹೋಗುವುದು. ಮೊದಲು ಎಂಜಿನ್ನು ನಿಂತಾಗ ಹಿಟ್ಟು ತುಂಬುವ ಕೆಲಸ, ಆಮೇಲೆ ಬಾಗಿಲಲ್ಲಿ ನಿಲ್ಲುವುದು. ಮಾತು ಪಿಸುಮಾತಿನ ಮೇಲೆ ಏರಿತ್ತು, ಕೂಗು ಇನ್ನೂ ಹೊಲದಲ್ಲೇ ಇತ್ತು. ಮುಂದಿನ ಜೋಳ ಹಾಲುಗಾಳಾದಾಗ, ಅತ್ತೆ ಕರೆಯುವ ಮೊದಲೇ ನಾನು ಕವಣೆ ತೆಗೆದುಕೊಂಡು ಸಿದ್ಧಳಾಗಿದ್ದೆ.

ಆ ಎರಡನೆಯ ಹಂಗಾಮಿನಲ್ಲಿ, ಅತ್ತೆ ಊರಿಗೆ ಹೋಗಿದ್ದಾಗ, ಬಂಡಿದಾರಿಯ ಕಡೆಯಿಂದ ತೆನೆಗಳು ಅಲ್ಲಾಡಿದವು. ದನ ಹೊಕ್ಕರೆ ಅಗಲವಾಗಿ ಅಲ್ಲಾಡುತ್ತವೆ, ಇವು ಗೆರೆ ಎಳೆದ ಹಾಗೆ ನೇರ ನನ್ನ ಕಡೆಗೇ ಬಂದವು. ಮನುಷ್ಯ. ಏಣಿ ಇಳಿದು ಓಡಿದರೆ ಜೋಳದೊಳಗೆ ಬೀಳುತ್ತೇನೆ. ಕವಣೆಯಲ್ಲಿ ಹೆಂಟೆ ಇಟ್ಟೆ, ಬೀಸಿದೆ, ಬಿಟ್ಟೆ. ಅಷ್ಟು ನೇರ ಅದು ಎಂದೂ ಹೋಗಿರಲಿಲ್ಲ.

"ಅಯ್ಯಯ್ಯಪ್ಪಾ" ಎಂಬ ದನಿ ಬಂತು. ಸೈಕಲ್ಲು ಬಿದ್ದ ಸದ್ದಾಯಿತು.

"ಯಾವನಲೇ ಅವಾ?" ಎಂದು ಕೂಗಿದೆ. ಅದು ಗಿರಣಿಯ ದನಿ. ಎಂಜಿನ್ನಿಗಿಂತ ಒಂದು ಹಿಡಿ ಮೇಲಿನದು. ನಾನೇ ಬೆಚ್ಚಿದೆ. "ಒಂದು ಹೆಜ್ಜಿ ಮುಂದ ಬಂದ್ರ ಮುಂದಿನ ಹೆಂಟಿ ಬಾಯಾಗ ಇಡತೀನಿ." ಅದರ ಹಿಂದೆ ಅತ್ತೆಯ ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಉಸಿರಿಗೆ ಖರ್ಚು ಮಾಡಿದೆ.

ಜೋಳದ ಮೇಲೆ ಒಂದು ಕೈ ಎದ್ದಿತು. ಕೈಯಲ್ಲಿ ಮಣ್ಣು ಮೆತ್ತಿದ ಪೊಲೀಸ್ ಟೋಪಿ.

"ಸಮನ್ಸ್ ಕೊಡಾಕ ಬಂದೀನವಾ" ಎಂದ ಆ ಟೋಪಿಯ ಒಡೆಯ. "ಕೋರ್ಟಿನ್ಯಾಗ ನಿನ್ನ ಕೇಸ್ ಹಚ್ಯಾರ. ನೀ ಹೊಲದಾಗ ಅದಿ ಅಂತ ನಿಮ್ಮವ್ವ ಅಂದ್ರು. ಹಿಂಗ ಹೊಡೀತಾಳ ಅಂತ ಹೇಳಿದ್ದಿಲ್ಲ."

ಕೆಳಗಿಳಿದು ಅವರಿಗೆ ನೀರು ಕೊಟ್ಟೆ, ತಪ್ಪಾಯಿತು ಅಂದೆ. ನಡುವಯಸ್ಸಿನ ಮನುಷ್ಯ, ನೆತ್ತಿ ಸವರಿಕೊಳ್ಳುತ್ತ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. "ಕೋರ್ಟಿಗೆ ಬರೂ ಮುಂದ ಕವಣಿ ಮನಿಯಾಗ ಇಟ್ಟ ಬಾರವಾ" ಅಂದರು. ಅವರು ಹೋದ ಮೇಲೆ ನನಗೆ ವಾಂತಿಯಾಯಿತು. ತಂತಿ ಇರಲಿಲ್ಲವಲ್ಲ, ನಿಶ್ಚಿಂತೆಯಿಂದ ಆಯಿತು. ಬಾಯಿ ತೊಳೆದುಕೊಂಡು ಅಟ್ಟ ಹತ್ತಿದೆ. ಅಷ್ಟರಲ್ಲಿ ಗಿಳಿಗಳು ಒಂದು ಸಾಲು ತಿಂದು ಮುಗಿಸಿದ್ದವು.

ನವಲಗುಂದದ ಕೋರ್ಟಿಗೆ ಅಪ್ಪ, ಅತ್ತೆ, ಚಾಚಿ, ನಾನು ಮುಂಜಾನೆಯ ಬಸ್ಸಿಗೆ ಹೋದೆವು. ಗೌಡರ ಕಡೆಯವರು ಚಾಚಿಯ ಮನೆಗೆ ಹಿಂದಿನ ದಿನವೂ ಹೋಗಿ, ವಯಸ್ಸಾಗಿದೆ, ಸರಿಯಾಗಿ ಕಾಣಲಿಲ್ಲ ಎಂದು ಹೇಳಿಬಿಡು ಎಂದು ಹೇಳಿ ಬಂದಿದ್ದರು. "ಹಂಗ ಹೇಳಿ ಮತ್ತ ನಮಾಜ್ ಹೆಂಗ ಮಾಡಲಿ" ಅಂದಳಂತೆ. ಬಸ್ಸಿನಲ್ಲಿ ಅವಳು ಮಾಡಿದ್ದೆಂದರೆ ಎಲೆ ಅಡಿಕೆ ಹಾಕಿಕೊಂಡು ನಿದ್ದೆ ಹೋದದ್ದು.

ಅವನು ಹೊಸ ಬಿಳಿ ಅಂಗಿ ಹಾಕಿಕೊಂಡು ಕಟಕಟೆಯಲ್ಲಿ ನಿಂತಿದ್ದ. ಅವನನ್ನು ನೋಡಿದ ಕೂಡಲೆ ಸಾಕ್ಷಿ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅಂಜಿಕೆಯ ಜೊತೆಗೆ ಇನ್ನೊಂದು ಸಂಕಟ ಸೇರಿತ್ತು. ಧೈರ್ಯ ಬರಲಿ ಎಂದು ಅತ್ತೆ ಬಸ್ ಸ್ಟ್ಯಾಂಡಿನಲ್ಲಿ ಎರಡೆರಡು ಸಲ ಚಹಾ ಕುಡಿಸಿದ್ದಳು, ಕೋರ್ಟಿನಲ್ಲಿ ಹೆಂಗಸರು ಹೋಗಿ ಬರುವ ಜಾಗ ಯಾವುದು ಎಂದು ಯಾರನ್ನು ಕೇಳಬೇಕೋ ತಿಳಿಯದೆ ಹಾಗೇ ಒಳಗೆ ಬಂದಿದ್ದೆ. ನ್ಯಾಯಕ್ಕಾಗಿ ಹೋರಾಡುವವರ ಮುಖದಲ್ಲಿ ಕಾಣುವ ಬಿಗುವು ಬಹಳ ಸಲ ಇದೇ ಇರಬಹುದು.

ಸರ್ಕಾರದ ಕಡೆಯ ವಕೀಲರು ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದೆ. ಆಮೇಲೆ ಅವನ ವಕೀಲರು ಎದ್ದರು.

"ನಿಮ್ಮದು ಊರಲ್ಲಿ ಜೋರು ಬಾಯಿ ಎಂದು ಹೆಸರು. ಹೌದೋ ಅಲ್ಲವೋ?"

"ಹೌದ್ರಿ. ಗಿರಣ್ಯಾಗ ಮೆತ್ತಗ ಮಾತಾಡಿದ್ರ ಯಾರಿಗೂ ಕೇಳಸೂದಿಲ್ರಿ."

"ನಮ್ಮ ಕಕ್ಷಿದಾರನಿಗೆ ಎಲ್ಲರ ಮುಂದೆ ಏನು ಅಂದಿರಿ?"

ಅಂದದ್ದನ್ನು ಅಂದ ಹಾಗೆಯೇ ಹೇಳಿದೆ, ತಂಬಿಗೆ, ಕೆರೆ, ಅಕ್ಕ, ಗೌಡ್ತಿ ಎಲ್ಲ. ಹಿಂದೆ ಕೂತವರು ನಕ್ಕರು. ಜಡ್ಜ್ ಸಾಹೇಬರು ಸುಮ್ಮನಿರಿ ಎಂದರು, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು.

"ಗಿರಣಿಯ ಪಟ್ಟಾ ಹರಿದು ಬಡಿದು ನಿಮ್ಮ ದವಡೆ ಮುರಿಯಿತು. ಹಳೆಯ ಸಿಟ್ಟಿಗೆ ಇವರ ಮೇಲೆ ಹಾಕಿದ್ದೀರಿ."

"ಇಲ್ರಿ. ಪಟ್ಟಾ ಮಾತಾಡೂದಿಲ್ಲ. ಹೊಡದಾವ ಮಾತಾಡಿದ."

"ಏನೆಂದು?"

"'ಈಗ ಮಾತಾಡು' ಅಂದನ್ರಿ. ಆವತ್ತ ಆಗಲಿಲ್ಲ. ಈಗ ಮಾತಾಡಾಕ ಹತ್ತೀನ್ರಿ."

ಇದನ್ನು ಹೇಳುವಾಗ ನಾನು ಅವನನ್ನು ನೋಡಿದೆ. ಏನೋ ದೊಡ್ಡದು ಆಗುತ್ತದೆ ಅಂದುಕೊಂಡಿದ್ದೆ, ಅವನು ಬೆವರುತ್ತಾನೆ, ಅಳುತ್ತಾನೆ ಎಂದು. ಅವನು ಹೊಸ ಅಂಗಿಯ ಗುಂಡಿ ತಿರುವುತ್ತ ಕಾಲು ನೋಡಿಕೊಂಡಿದ್ದ. ನನ್ನ ಕನಸಿನಲ್ಲಿ ಬರುವವನು ಇವನಿಗಿಂತ ಎತ್ತರವಿದ್ದ. ಚಾಚಿ ನನ್ನ ನಂತರ ಬಂದು, "ಇವನೇ ಹೊಡದಾವ, ನಾ ನೋಡೀನಿ" ಎಂದು ಹೇಳಿ, ತಿರುಗಿಸಿ ತಿರುಗಿಸಿ ಕೇಳಿದ್ದಕ್ಕೂ ಅದನ್ನೇ ಹೇಳಿ ಇಳಿದಳು. ನಾನು ಅಷ್ಟರಲ್ಲಿ ಕೋರ್ಟಿನ ಹಿಂದಿನ ಜಾಲಿಗಿಡಗಳ ಕಡೆ ಓಡಿದ್ದೆ, ಅವಳ ಸಾಕ್ಷಿ ಕೇಳಲಾಗಲಿಲ್ಲ. ಇಂದಿಗೂ ಅದೊಂದು ಕೊರಗು.

ಅವನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿ ಕಡಿಮೆ ಮಾಡಿಸಿಕೊಂಡ, ಉಳಿದದ್ದನ್ನು ಅನುಭವಿಸಿದ. ಇಷ್ಟೇನಾ ಎಂದು ಅತ್ತೆ ಸಿಟ್ಟಾದಳು. ನನಗೂ ಇಷ್ಟೇನಾ ಅನಿಸಿತು. ಆದರೆ ಗೌಡರ ಮನೆಯವನನ್ನು ಒಳಗೆ ಹಾಕಿಸಿದ್ದು ಊರಿನಲ್ಲಿ ಅದೇ ಮೊದಲು, ಹಾಗಾಗಿ ಬಹಳ ಜನ ನನ್ನ ಎದುರು ಬಂದರೆ ದಾರಿ ಬಿಡತೊಡಗಿದರು. ಅದು ಮರ್ಯಾದೆಯೋ ಅಂಜಿಕೆಯೋ ನಾನು ವಿಚಾರಿಸಲು ಹೋಗಲಿಲ್ಲ. ಗಿರಣಿಯಲ್ಲಿ ಮತ್ತೆ ದಿನವೂ ನಿಲ್ಲತೊಡಗಿದೆ. ಪಟ್ಟಾ ಬಡಿದರೆ ಎದೆ ಈಗಲೂ ಒಮ್ಮೆ ಹಾರುತ್ತಿತ್ತು, ಹಾರಿ ಕೂಡುತ್ತಿತ್ತು. ಒಬ್ಬಳೇ ಬಂಡಿದಾರಿಯಲ್ಲಿ ಹೋಗುವಾಗ ಹಿಂದೆ ತಿರುಗಿ ನೋಡುವುದು ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ.

ಆ ದಶಕ ಮುಗಿಯುವ ಹೊತ್ತಿಗೆ, ಮದುವೆಯಾಗಿ ಅಣ್ಣಿಗೇರಿಯಲ್ಲಿದ್ದೆ. ತವರಿಗೆ ಬಂದು ತಿರುಗಿ ಹೊರಟಾಗ ನವಲಗುಂದದಲ್ಲಿ ಬಸ್ಸಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಅವ್ವ ಕೊಟ್ಟ ಬುತ್ತಿಯ ಗಂಟು, ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು. ಅವನು ಹತ್ತಿದ. ಸೊರಗಿದ್ದ, ಗಡ್ಡ ಬಂದಿತ್ತು. ಖಾಲಿ ಇದ್ದದ್ದು ನನ್ನ ಮುಂದಿನ ಸೀಟು ಮಾತ್ರ. ಗಂಟನ್ನು ಎದೆಗೆ ಒತ್ತಿ ಹಿಡಿದೆ. ಇಳಿದುಬಿಡಲೇ ಅನಿಸಿತು. ಮುಂದಿನ ಬಸ್ಸು ಮಧ್ಯಾಹ್ನದ ಮೇಲೆ, ಅದೂ ಬಂದರೆ ಬಂತು. ಅವನು ಇಳಿಯಲಿ, ನಾನೇಕೆ ಇಳಿಯಲಿ ಎಂದು ಕೂತೆ. ಅವನು ಸೀಟಿನವರೆಗೆ ಬಂದು ನನ್ನನ್ನು ನೋಡಿದ. ನಾನೂ ನೋಡಿದೆ.

"ಕೂಡ್ರಲೇ, ಜಾಗಾ ಐತಿ" ಎಂದ ಕಂಡಕ್ಟರು ಹಿಂದಿನಿಂದ.

ಅವನು ಕೂಡಲಿಲ್ಲ. ಬಾಗಿಲ ಹತ್ತಿರ ಹೋಗಿ ಕ್ಷಣ ನಿಂತು, ಬಸ್ಸು ಹೊರಡುವ ಮೊದಲೇ ಇಳಿದುಹೋದ. ಕಂಡಕ್ಟರು ಅವನ ಹಿಂದೆ ಏನೋ ಬೈದು ಸೀಟಿ ಊದಿದ. ಊರು ದಾಟಿದ ಮೇಲೆ ನನ್ನ ಕೈ ನಡುಗತೊಡಗಿತು. ನಡುಗಲಿ ಎಂದು ಬಿಟ್ಟೆ, ಅದರಷ್ಟಕ್ಕೆ ನಿಂತಿತು.

"ಯಾರ್ರೀ ಅವಾ, ನಿಮ್ಮನ್ನ ನೋಡಿ ಇಳದ ಹೋದ?" ಎಂದು ಪಕ್ಕದ ಹೆಂಗಸು ಕೇಳಿದಳು.

"ನಮ್ಮೂರಾವ್ರಿ."

"ಆರಾಮ ಇಲ್ಲದವರಂಗ ಕಾಣತಿದ್ದ."

"ಇರಬೋದ್ರಿ" ಅಂದೆ. ಮುಂದಿನ ಸೀಟು ಇನ್ನೂ ಖಾಲಿ ಇತ್ತು. ಅದರ ಮೇಲೆ ಕಾಲು ಚಾಚಬಹುದೇ ಎಂದು ನೋಡಿದೆ, ಅಷ್ಟು ಉದ್ದ ನನ್ನ ಕಾಲುಗಳಿರಲಿಲ್ಲ. ಗಂಟು ಬಿಚ್ಚಿ ಆ ಹೆಂಗಸಿಗೂ ಒಂದು ರೊಟ್ಟಿ ಕೊಟ್ಟೆ.